ಬೇರೆ ಬೀದಿಯಲ್ಲಿ ನಿಲ್ಲಿಸಿದ ನೀಲಿ ಕಾರು

ಸೆಡ್ಜ್ಲಿ
ನವೆಂಬರ್ ೧೮, ಸೋಮವಾರ

ಪ್ರೀತಿಯ ಮಗ ರಸೆಲ್‌ಗೆ,

ಹೇಗಿದ್ದೀಯ ಮಗು? ಕಿವಿನೋವು ಮತ್ತೆ ಬಂದಿಲ್ಲ ತಾನೆ? ಫಾಕ್‌ಲೆಂಡ್ ದ್ವೀಪದಲ್ಲಿ ಈಗ ಬೇಸಿಗೆ ಅನ್ನುತ್ತಾರೆ, ಆದರೆ ನೀನು ಕಳಿಸಿದ ಫೋಟೋದಲ್ಲಿ ಕುರಿಗಳು ಕೂಡ ಗಾಳಿಗೆ ಬೆನ್ನು ತಿರುಗಿಸಿ ನಿಂತಿವೆ. ಟೋಪಿ ಹಾಕಿಕೊಳ್ಳದೆ ವಿಮಾನದ ಹತ್ತಿರ ಕೆಲಸ ಮಾಡಬೇಡ. ಸೇನೆಯವರು ಊಟ ಸರಿಯಾಗಿ ಹಾಕುತ್ತಾರೆ ಅಂತ ನೀನು ಹೇಳುತ್ತೀಯ, ಆದರೂ ಫೋಟೋದಲ್ಲಿ ನಿನ್ನ ಕೆನ್ನೆ ಒಳಗೆ ಹೋಗಿದೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ನೆನಪು ಮಾಡಿಕೊಡುತ್ತದೆ. ನಿನ್ನೆ ಹಂದಿಮಾಂಸದ ಉಂಡೆ, ಬಟಾಣಿ ಮಾಡಿದ್ದೆ. ಮೂರು ಜನಕ್ಕೆ ಮಾಡುವ ಕೈ, ಇಬ್ಬರಿಗೆ ಅಳತೆ ಇನ್ನೂ ಸಿಕ್ಕಿಲ್ಲ. ಮೊದಲಾದರೆ ನಿನ್ನ ಪಾಲನ್ನೂ ಅಪ್ಪನೇ ಮುಗಿಸುತ್ತಿದ್ದರು. ನಿನ್ನೆ ತಮ್ಮ ಪಾಲನ್ನೇ ತಟ್ಟೆಯಲ್ಲಿ ಬಿಟ್ಟು ಎದ್ದರು.

ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುವ ಅಮ್ಮ ಕಾಗದ ಯಾಕೆ ಬರೆದಳು ಅಂತ ನಿನಗೆ ಅನಿಸಬಹುದು. ಫೋನು ಮಾಡಿದಾಗ ಅಪ್ಪ ಅದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಇನ್ನೊಂದು, ನೀನು ಮಾತನ್ನು ಮುಗಿಸಲು ಬಿಡುವವನಲ್ಲ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ಆಗುವುದಿಲ್ಲ, ಕೊನೆಯವರೆಗೆ ಓದಲೇಬೇಕು. ನೀನು ಅಪ್ಪನಿಗೆ ಕಳಿಸಿದ ಸಂದೇಶವನ್ನು ನಾನು ನೋಡಿದೆ. "ಒಂದು ಕಾರನ್ನ ಸರಿಯಾಗಿ ಗುರುತು ಹಿಡಿಯೋಕೆ ಬರಲ್ವಾ ನಿನಗೆ? ಕಾರ್ ಕ್ಲಬ್ಬಿನವರ ಮುಂದೆ ನನ್ನ ಮರ್ಯಾದೆ ತೆಗೆದೆ." ಅವರು ಅದನ್ನು ಓದಿ, ಮನೆಗೆ ಬಂದು, ಫೋನನ್ನು ಚಮಚಗಳಿರುವ ಡ್ರಾಯರಿನಲ್ಲಿ ಇಟ್ಟರು. ಇವತ್ತಿಗೂ ಅದು ಅಲ್ಲೇ ಇದೆ. ಅವತ್ತಿನಿಂದ ಅವರು ಮನೆಯಲ್ಲಿ ಇದ್ದಾರೆ ಅಷ್ಟೇ. ಬಿಲ್‌ಸ್ಟನ್ನಿನಲ್ಲಿ ಅವತ್ತು ಏನಾಯಿತೆಂದು ನಿನಗೆ ತಿಳಿದಿರುವುದು ಅರ್ಧ. ಉಳಿದ ಅರ್ಧವನ್ನು ನಿನ್ನಿಂದ ಮುಚ್ಚಿಡಲು ನಿನ್ನ ಅಪ್ಪ ಹೊರಟಿದ್ದಾರೆ, ಅದು ಅವರನ್ನು ಒಳಗಿಂದ ತಿನ್ನುತ್ತಿದೆ. ಅವರಿಗೆ ನೀನು ಇನ್ನೊಂದು ಸಾಲು ಬರೆಯುವ ಮೊದಲು ಇದನ್ನು ಓದು.

ಮೊದಲು ನಿನ್ನ ಕಾರಿನ ಕೀಯ ವಿಷಯ ಹೇಳಿಬಿಡುತ್ತೇನೆ, ಅದಕ್ಕೂ ನಿನಗೆ ಅವರ ಮೇಲೆ ಸಿಟ್ಟಿದೆ. ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ್ದು ಮರೆವಿನಿಂದಲ್ಲ, ಸೋಮಾರಿತನದಿಂದಲೂ ಅಲ್ಲ. ಎದುರು ಮನೆಯ ಹಾಲ್ಡನ್ ದಂಪತಿ ತಮ್ಮ ಕಾರಿನ ಕೀಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು. ಕೆಳಗೆ ಕೀ ಸಿಗದ ಕಳ್ಳರು ಹಾರೆ ಹಿಡಿದು ಮೇಲೆ ಮಲಗುವ ಕೋಣೆಗೇ ಬಂದರು. ಆ ಹೆಂಗಸಿನ ಮಣಿಕಟ್ಟು ಮುರಿಯಿತು, ಈಗಲೂ ಕೆಟಲ್ ಎತ್ತಲು ಆಗುವುದಿಲ್ಲ. ಅದಾದ ಮೇಲೆ ನಿನ್ನದರಂಥ ವೇಗದ ಕಾರು ಇರುವ ಮನೆಗಳಲ್ಲೆಲ್ಲ ಕೀ ಕೆಳಗೆ ಬಂತು. ಬೇಕಾದರೆ ತೆಗೆದುಕೊಂಡು ಹೋಗಲಿ, ಮೆಟ್ಟಿಲು ಹತ್ತದಿರಲಿ ಅಂತ. ನೀನು ಅಲ್ಲಿಗೆ ಹೋಗುವ ಮುಂಚೆ ಇದಕ್ಕೇ ಜಗಳ ಮಾಡಿದೆ. "ಕಳ್ಳರಿಗೆ ತಟ್ಟೇಲಿಟ್ಟು ಕೊಡ್ತಾ ಇದೀಯ ಅಪ್ಪಾ" ಅಂದೆ. "ನೀನು ನಾಳೆ ಹೋಗ್ತೀಯಪ್ಪ, ಮೇಲೆ ಮಲಗೋಳು ನಿಮ್ಮಮ್ಮ" ಅಂದರು ಅವರು. ಅವರು ಹೆದರಿದ ಹಾಗೆ ರಾತ್ರಿಯಲ್ಲಿ ಯಾರೂ ಬರಲಿಲ್ಲ. ಶನಿವಾರ ಮಧ್ಯಾಹ್ನ ಅವರು ಹಿತ್ತಲಲ್ಲಿ ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಿದ್ದಾಗ, ನಾನು ಮೇಲೆ ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದಾಗ, ಕಳ್ಳರು ಟಪಾಲು ಹಾಕುವ ಕಿಂಡಿಯಿಂದ ತಂತಿ ತೂರಿಸಿ ಕೀಯನ್ನು ಎಳೆದುಕೊಂಡರು. ನಿನ್ನ ಕಾರು ಹೊರಟರೆ ಮೂರು ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಆ ಸದ್ದು ಕೇಳಿ ಓಡಿ ಬಂದ ನಿನ್ನ ಅಪ್ಪನಿಗೆ ಸಿಕ್ಕಿದ್ದು ರಸ್ತೆ ಮೇಲಿನ ಹೊಗೆ ಮಾತ್ರ.

ಆಮೇಲಿನ ವಾರವಿಡೀ ಕ್ಲಬ್ಬಿನವರು ಹುಡುಕಿದ ಹುಡುಕಾಟ ನಿನಗೆ ಗೊತ್ತು. ಆ ಹುಡುಗರ ಮೇಲೆ ನನಗೆ ಬೇಸರವಿಲ್ಲ, ಕೆಲಸ ಬಿಟ್ಟು, ತಮ್ಮ ಪೆಟ್ರೋಲು ಸುಟ್ಟು ಅಲೆದರು. ಇಂಥ ಕಾರನ್ನು ಕದ್ದವರು ನೇರವಾಗಿ ತಮ್ಮ ಜಾಗಕ್ಕೆ ಒಯ್ಯುವುದಿಲ್ಲ, ಬೇರೆ ನಂಬರ್ ಪ್ಲೇಟ್ ಹಾಕಿ ಎಲ್ಲಾದರೂ ಸದ್ದಿಲ್ಲದ ಬೀದಿಯಲ್ಲಿ ನಿಲ್ಲಿಸಿ ಆರಲು ಬಿಡುತ್ತಾರೆ, ಒಳಗೆ ಜಾಡು ಹಿಡಿಯುವ ಯಂತ್ರವಿದ್ದು ಯಾರಾದರೂ ಹುಡುಕಿಕೊಂಡು ಬರುತ್ತಾರೋ ಅಂತ ದೂರದಿಂದ ನೋಡುತ್ತಾರೆ ಅಂತ ನಿನ್ನ ಗೆಳೆಯ ಡ್ಯಾರಿಲ್ ನನಗೆ ಅಡುಗೆಮನೆಯಲ್ಲಿ ಕೂತು ವಿವರಿಸಿದ. ಅದಕ್ಕೇ ಇವರು ಯಾರ ಮನೆ ಮುಂದೆಯೂ ಅಲ್ಲದ, ಸುಮ್ಮನೆ ನಿಂತ ಕಾರುಗಳನ್ನು ಹುಡುಕುತ್ತಾರಂತೆ. ಸಿಕ್ಕಿದರೆ ಮೊದಲು ಚಕ್ರಗಳ ಗಾಳಿ ಬಿಡುವುದು, ಆಮೇಲೆ ಪೊಲೀಸರಿಗೆ ಹೇಳುವುದು, ಅವರು ಬರುವವರೆಗೆ ಕಾಯುವುದು. "ಪೊಲೀಸ್ನೋರು ಬರೋಷ್ಟರಲ್ಲಿ ಗಾಡಿ ಪೋಲೆಂಡ್ ತಲುಪಿರತ್ತೆ ಆಂಟಿ" ಅಂದ ಡ್ಯಾರಿಲ್. ಕೀಗೊಂಚಲಿನಲ್ಲಿ ವಾಲ್ವ್ ಬಿಚ್ಚುವ ಪುಟ್ಟ ಸಲಕರಣೆಯನ್ನು ಶಿಲುಬೆಯ ಹಾಗೆ ಕಟ್ಟಿಕೊಂಡಿದ್ದಾನೆ.

ಭಾನುವಾರ ಬೆಳಿಗ್ಗೆ ಅವನ ಫೋನು ಬಂತು. ಬಿಲ್‌ಸ್ಟನ್ನಿನಲ್ಲಿ, ವಯಸ್ಸಾದವರ ಸಣ್ಣ ಸಣ್ಣ ಮನೆಗಳಿರುವ ಒಂದು ಬೀದಿಯಲ್ಲಿ ನೀಲಿ ಕಾರು ನಿಂತಿದೆ, ಬೇಗ ಬನ್ನಿ ಅಂದ. ನಾನೂ ಹೋದೆ, ಫ್ಲಾಸ್ಕಿಗೆ ಚಹಾ ತುಂಬಿಸಿಕೊಂಡು. ಕಾರಿನ ಮೇಲೆ ಮಂಜು ಕೂತು ಬೆಳ್ಳಗಾಗಿತ್ತು. ಅದೇ ನೀಲಿ, ಅದೇ ಕಪ್ಪು ಚಕ್ರ, ಹಿಂದೆ ಅದೇ ಎರಡು ದಪ್ಪ ಹೊಗೆಕೊಳವೆ. ಹಿಂದಿನ ಗಾಜಿನ ಮೇಲೆ ಕ್ಲಬ್ಬಿನ ಚೀಟಿ ಕಿತ್ತ ಗುರುತು. ನಂಬರ್ ಬೇರೆ. ನಿನ್ನ ಅಪ್ಪ ಮುಂದಿನ ಗಾಜಿನ ಮೂಲೆಯಲ್ಲಿ ಚಾಸಿ ನಂಬರ್ ಓದಲು ಕನ್ನಡಕ ಹಾಕಿಕೊಂಡು ಬಾಗಿದರು. ಅಲ್ಲಿ ಕಪ್ಪು ಟೇಪು ಅಂಟಿಸಿ ಮುಚ್ಚಿದ್ದರು. ಡ್ಯಾರಿಲ್ ನಕ್ಕ. "ಇನ್ನೇನ್ ಬೇಕು ಅಂಕಲ್, ಕಳ್ಳನೇ ಸಹಿ ಹಾಕಿ ಕೊಟ್ಟಂಗಿದೆ." ಆದರೂ ನಿನ್ನ ಅಪ್ಪ ಗಾಳಿ ಬಿಡಲು ಒಪ್ಪಲಿಲ್ಲ. ನೀನು ಹೇಳಿದ ಮೇಲೆಯೇ ಅಂದರು. ನಿನ್ನನ್ನು ಎಬ್ಬಿಸಿದ್ದು ಅದಕ್ಕೆ.

ಮುಂದಿನದು ನಿನಗೂ ನೆನಪಿರಬಹುದು, ಆದರೆ ನೀನು ನಿದ್ದೆಗಣ್ಣಿನಲ್ಲಿ ಇದ್ದೆ, ನನಗೆ ಕೇಳಿಸಿದ ಹಾಗೆ ಬರೆಯುತ್ತೇನೆ. ಅಪ್ಪ ಫೋನನ್ನು ಕಾರಿನ ಸುತ್ತ ತಿರುಗಿಸಿ ತೋರಿಸಿದರು. ಎಡಗಡೆ ಮುಂದಿನ ಚಕ್ರದ ಅಂಚಿನಲ್ಲಿ ಗೀರು ಕಂಡ ಕೂಡಲೆ ನೀನು, "ಅದೇ ಅಪ್ಪಾ, ನಂದೇ, ಪಾದಚಾರಿ ಕಟ್ಟೆಗೆ ತಾಗಿಸಿದ್ನಲ್ಲ" ಅಂದೆ. "ನಂಬರ್ ಬೇರೆ ಇದೆಯಲ್ಲೋ" ಅಂದರು. "ನಂಬರ್ ಬದಲಾಯ್ಸೋದು ಎಷ್ಟ್ ಹೊತ್ತಿನ ಕೆಲ್ಸ ಅಪ್ಪಾ? ಯಾವ ಕಾಲದಲ್ಲಿದೀಯ? ಗಾಳಿ ಬಿಡು ಮೊದ್ಲು." ಡ್ಯಾರಿಲ್ ನಾಲ್ಕು ಚಕ್ರಗಳ ವಾಲ್ವ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಪೊಲೀಸರಿಗೆ ಫೋನು ಮಾಡಿದ. ಕಾರು ಹಸು ಮಲಗುವ ಹಾಗೆ ಮೆಲ್ಲಗೆ ನೆಲಕ್ಕೆ ಕೂತಿತು. ನಾನು ಎಲ್ಲರಿಗೂ ಚಹಾ ಬಗ್ಗಿಸಿ ಕೊಟ್ಟೆ. ಖುಷಿಯಲ್ಲೇ ಇದ್ದೆವು ರಸೆಲ್. ನೀನು ಪೊಲೀಸರು ಬರುವುದನ್ನು ನೋಡಬೇಕೆಂದು ಫೋನನ್ನು ಇಡಬೇಡಿ ಅಂದೆ, ಅಪ್ಪ ಅದನ್ನು ಕೋಟಿನ ಮೇಲಿನ ಜೇಬಿನಲ್ಲಿ ಇಟ್ಟುಕೊಂಡರು.

ಆಗ ಬೀದಿಯ ಆ ತುದಿಯಿಂದ ಒಬ್ಬ ಮನುಷ್ಯ ಓಡಿ ಬಂದ. ನಲವತ್ತು ದಾಟಿದ, ಪಂಜಾಬಿ ಚಹರೆಯ ಮನುಷ್ಯ. ರಾತ್ರಿ ಉಡುಪಿನ ಮೇಲೆ ಕೋಟು, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಕೈಯಲ್ಲಿದ್ದ ಕೀ ಒತ್ತಿದ, ಕಾರು ಕಣ್ಣು ಮಿಟುಕಿಸಿತು. "ಬಂದ್ರು ನೋಡಿ ಯಜಮಾನ್ರು" ಅಂದ ಡ್ಯಾರಿಲ್. ಆತನಿಗೆ ಮೊದಲು ನಾವು ಕಾಣಿಸಲೇ ಇಲ್ಲ. ಬಾಗಿಲು ತೆಗೆಯಲು ಹೋದವನು ಚಕ್ರ ನೋಡಿ ನಿಂತ. "ಯಾರ್ರೀ ಇದನ್ನ ಮಾಡಿದ್ದು? ನೀವಾ? ಯಾಕ್ರೀ?" ಅಂದ. ಡ್ಯಾರಿಲ್, "ನಿನ್ ಗಾಡಿ ಆದ್ರೆ ನಿನ್ ಮನೆ ಮುಂದೆ ಯಾಕಿಲ್ಲ ಗುರು? ಇದ್ರಲ್ಲಿ ಯಾವ್ದು ನಿನ್ ಮನೆ, ತೋರ್ಸು" ಅಂದ. ಆತ ಹಿಂದಕ್ಕೆ ಕೈ ತೋರಿಸಿ, "ಎರಡು ಬೀದಿ ಆಚೆ. ನೋಡಿ, ಜಗಳ ಆಮೇಲ್ ಆಡೋಣ. ನಮ್ಮಮ್ಮ ಆಸ್ಪತ್ರೇಲಿದಾಳೆ. ಈಗ ಫೋನ್ ಮಾಡಿ ಬೇಗ ಬನ್ನಿ ಅಂದ್ರು. ನಾನ್ ಹೋಗ್ಬೇಕು" ಅಂದ. ಹೋಗಲು ತಿರುಗಿದ ಆತನ ತೋಳನ್ನು ನಿನ್ನ ಅಪ್ಪ ಹಿಡಿದುಕೊಂಡರು. ಸರಪಳಿ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದ ಕೈ, ಅದು ಹಿಡಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಆದರೆ ಅವರ ಮುಖ ನನಗೆ ಕಾಣುತ್ತಿತ್ತು. ಹಿಡಿದಿದ್ದರು, ಮನಸ್ಸಿರಲಿಲ್ಲ.

ಆಗಲೇ ಜೇಬಿನಿಂದ ನಿನ್ನ ದನಿ ಬಂದದ್ದು. "ಬಿಡ್ಬೇಡ ಅಪ್ಪಾ. ಸಿಕ್ಕಿಬಿದ್ದೋರೆಲ್ಲ ಹೇಳೋದು ಇದೇ ಕಥೆ, ಅಮ್ಮ ಆಸ್ಪತ್ರೆ, ಮಗು ಆಸ್ಪತ್ರೆ. ಪೊಲೀಸ್ ಬರೋ ತನಕ ಹಿಡ್ಕೊ." ಆತ ನಿನ್ನ ಅಪ್ಪನ ಜೇಬನ್ನು ನೋಡಿದ. ಬೀದಿಯಲ್ಲಿ ಯಾರಾದರೂ ಸಹಾಯಕ್ಕೆ ಬರುತ್ತಾರೋ ಅಂತ ಆ ಕಡೆ ಈ ಕಡೆ ನೋಡಿದ. ಆಮೇಲೆ ಕೀಯನ್ನು ನನ್ನ ಕೈಗೆ ತುರುಕಿದ. "ತಗೊಳ್ಳಿ ಅಮ್ಮಾ, ಗಾಡಿ ನೀವೇ ಇಟ್ಕೊಳ್ಳಿ. ನನಗೆ ಬೇಡ. ನನ್ನ ಬಿಡೋಕೆ ಹೇಳಿ, ಟ್ಯಾಕ್ಸಿ ಹಿಡ್ಕೊಂಡ್ ಹೋಗ್ತೀನಿ." ನಾನು ನಿನ್ನ ಅಪ್ಪನನ್ನು ಡೆಸ್ ಅಂತ ಕರೆದೆ, ಅವರ ಬೆರಳು ಸಡಿಲವಾದದ್ದನ್ನು ನಾನು ಕಂಡೆ. ನೀನು ನಕ್ಕೆ. "ಕೇಳಿಸ್ತಾ ಅಪ್ಪಾ? ಒಪ್ಕೊಂಡ. ನಿಜವಾದ ಓನರ್ ಯಾವನಾದ್ರೂ ಈ ಕಾರ್ ಇಟ್ಕೊ ಅಂತಾನಾ?" ಡ್ಯಾರಿಲ್ ಹೌದೌದು ಅಂದ. ಬೆರಳುಗಳು ಮತ್ತೆ ಬಿಗಿದವು. ಅದು ನಿಮ್ಮ ಲೋಕದ ಲೆಕ್ಕ ರಸೆಲ್. ಕಾರನ್ನು ಪ್ರೀತಿಸುವವನು ಅದನ್ನು ಬಿಟ್ಟುಕೊಡಲಾರ ಅಂತ. ಕಾರು ತಂದಂದಿನಿಂದ ನಿನ್ನ ಜೊತೆಗಿದ್ದು ನಿನ್ನ ಅಪ್ಪನೂ ಆ ಲೆಕ್ಕ ಕಲಿತಿದ್ದರು, ನನಗೂ ಒಂದು ಗಳಿಗೆ ಅದು ಸರಿ ಅನಿಸಿತು. ಆತ ಬೇಡಿಕೊಳ್ಳುವುದನ್ನು ನಿಲ್ಲಿಸಿದ. ಇಷ್ಟು ದಪ್ಪ ಮನುಷ್ಯ, ತೋಳು ಹಿಡಿಸಿಕೊಂಡು, ಆ ಚಳಿಯಲ್ಲಿ ಸುಮ್ಮನೆ ನಿಂತುಬಿಟ್ಟ. ನಿನ್ನ ಫೋನಿನ ಸಂಪರ್ಕ ಆಗ ಕಡಿಯಿತು. ಹಾಗಾಗಿ ನಿನಗೆ ಇಲ್ಲಿಂದ ಮುಂದೆ ಗೊತ್ತಿಲ್ಲ.

ಪೊಲೀಸರಿಗಿಂತ ಮೊದಲು ಬಂದದ್ದು ಎದುರಿನ ಮನೆಯ ಒಬ್ಬ ಮುದುಕಿ, ಊರುಗೋಲು ಹಿಡಿದುಕೊಂಡು. "ತರ್ಸೇಮ್, ಏನೋ ಇದು? ಅಮ್ಮ ಹೇಗಿದಾಳೋ?" ಅಂತ ಕೇಳಿದಳು. ಆಮೇಲೆ ನಮ್ಮನ್ನು ನೋಡಿ, "ಅವನ ತೋಳು ಬಿಡಯ್ಯ. ನಾಚಿಕೆ ಆಗಲ್ವಾ? ನನ್ ಮನೆ ಮುಂದೆ ನಿಲ್ಸ್ಕೊ ಅಂತ ಹೇಳಿದೋಳು ನಾನು. ವಾರವಾರ ನನ್ನ ಕಸದ ಡಬ್ಬ ಹೊರಗಿಡೋನು ಅವ್ನು" ಅಂದಳು. ನಿನ್ನ ಅಪ್ಪ ತೋಳು ಬಿಟ್ಟರು. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಡ್ಯಾರಿಲ್ ಜೇಬಿನಿಂದ ವಾಲ್ವುಗಳನ್ನು ತೆಗೆದ, ಆದರೆ ಗಾಳಿ ತುಂಬುವ ಪಂಪು ಯಾರ ಹತ್ತಿರವೂ ಇರಲಿಲ್ಲ. ಗಾಳಿ ಬಿಡಲು ಹೋದವರು ತುಂಬುವುದನ್ನು ಯೋಚಿಸಿರಲಿಲ್ಲ. "ನಮ್ ಕಾರಲ್ಲಿ ಕೂತ್ಕೊಳ್ಳಿ, ನಾನ್ ಬಿಡ್ತೀನಿ" ಅಂದರು ನಿನ್ನ ಅಪ್ಪ. ಆತ ಬೇರೆ ದಾರಿಯಿಲ್ಲದೆ ಹತ್ತಿದ. ನಾನು ಹಿಂದೆ ಕೂತಿದ್ದೆ, ಆತನ ಕೀ ಇನ್ನೂ ನನ್ನ ಕೈಯಲ್ಲೇ ಇತ್ತು. ಆಸ್ಪತ್ರೆ ಬಂದಾಗ ಆತ ಕಾರು ಪೂರಾ ನಿಲ್ಲುವ ಮುಂಚೆಯೇ ಇಳಿದು ಓಡಿದ. ಕೀ ಕೊಡಬೇಕಲ್ಲ ಅಂತ ನಾವಿಬ್ಬರೂ ಹಿಂದೆ ಹೋದೆವು. ಮೇಲಿನ ಮಹಡಿಯ ಮೊಗಸಾಲೆಯಲ್ಲಿ ಆತನ ತಂಗಿ ಗೋಡೆಗೆ ಒರಗಿ ನಿಂತಿದ್ದಳು. ಆಕೆ ಅಣ್ಣನನ್ನು ನೋಡಿ ಹೇಳಿದ್ದು ಇಷ್ಟೇ. "ಈಗಷ್ಟೇ ಹೋದಳು ಅಣ್ಣಾ. ನೀನು ಬಂದ್ಯಾ, ಬಂದ್ಯಾ ಅಂತ ಕೇಳ್ತಾನೇ ಇದ್ಲು. ದಾರೀಲಿದಾನೆ ಅಂತ ಹೇಳ್ತಾ ಇದ್ದೆ."

ಇದು ನಿನಗೆ ತಿಳಿಯದ ಅರ್ಧ. ಅದು ನಿನ್ನ ಕಾರಲ್ಲ ಅಂತಷ್ಟೇ ಡ್ಯಾರಿಲ್‌ನಿಂದ ತಿಳಿದು, ಗುರುತು ತಪ್ಪಿದ್ದಕ್ಕೆ ನೀನು ಅಪ್ಪನನ್ನು ಬೈದು ಬರೆದೆಯಲ್ಲ, ಆ ಸಂದೇಶ ಅವರಿಗೆ ತಲುಪಿದ್ದು ಆ ಮೊಗಸಾಲೆಯಲ್ಲಿ. ಮನೆಗೆ ಬಂದ ಮೇಲೆ ನಾನು ನಿನಗೆ ಫೋನು ಮಾಡಲು ಹೊರಟೆ. ಅವರು ಬೇಡವೆಂದರು. "ಅವನು ಭೂಮಿಯ ಆ ತುದೀಲಿದಾನೆ ಮಾರ್ಲೀನ್. ಒಬ್ಬನೇ ರೂಮಲ್ಲಿ ಕೂತು ಇದನ್ನ ಏನ್ ಮಾಡ್ಕೋತಾನೆ? ಹಿಡಿದಿದ್ದು ನನ್ನ ಕೈ. ನನ್ನ ಹತ್ರಾನೇ ಇರ್ಲಿ." ನಾನು ಫೋನನ್ನು ಕೆಳಗಿಟ್ಟೆ. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ದೂರು ಕೊಡುವುದಿಲ್ಲ ಅಂತ ಆತ ಹೇಳಿದನಂತೆ. ದೂರು ಕೊಟ್ಟಿದ್ದರೆ ನಿನ್ನ ಅಪ್ಪನಿಗೆ ಚೂರು ಹಗುರಾಗುತ್ತಿತ್ತು ಅನಿಸುತ್ತದೆ.

ಅಂತ್ಯಕ್ರಿಯೆ ಆದ ಮೇಲೆ ಅವರ ಗುರುದ್ವಾರದಲ್ಲಿ ಪ್ರಾರ್ಥನೆ ಇದೆಯೆಂದು ಆ ಮುದುಕಿಯಿಂದ ತಿಳಿಯಿತು. ನಿನ್ನ ಅಪ್ಪ ಮದುವೆಯ ಸೂಟು ಇಸ್ತ್ರಿ ಮಾಡಲು ಹೇಳಿದರು. ಹೊಟ್ಟೆ ಹಿಡಿಸುವುದಿಲ್ಲ, ಗುಂಡಿ ಹಾಕದೆ ತೊಟ್ಟರು. ಬಾಗಿಲಲ್ಲೇ ಬೈದು ಕಳಿಸುತ್ತಾರೆ ಅಂತ ಸಿದ್ಧವಾಗಿ ಹೋಗಿದ್ದರು. ಬಾಗಿಲಲ್ಲಿ ಒಬ್ಬ ಅಜ್ಜ ಅವರ ತಲೆಗೆ ಕೇಸರಿ ಬಟ್ಟೆ ಕಟ್ಟಿ, ನನಗೆ ಶಾಲು ಹೊದಿಸಿ, "ಮೊದ್ಲು ಊಟ ಮಾಡಿ" ಅಂದ. ನಿನ್ನ ಅಪ್ಪ, "ನಾನ್ ಊಟಕ್ಕೆ ಬಂದಿಲ್ಲ, ಕ್ಷಮೆ ಕೇಳೋಕೆ ಬಂದಿದೀನಿ" ಅಂದರು. "ಅದಕ್ಕೂ ಹೊಟ್ಟೇಲಿ ಏನಾದ್ರೂ ಇರ್ಬೇಕಲ್ಲಪ್ಪ" ಅಂತ ಆ ಅಜ್ಜ ತೋಳು ಹಿಡಿದು ಸಾಲಿನಲ್ಲಿ ಕೂರಿಸಿದ. ನೆಲದ ಮೇಲೆ ಕೂರಲು ಇವರ ಮಂಡಿ ಬಗ್ಗಬೇಕಲ್ಲ, ಕಾಲು ಚಾಚಿ ಮಗುವಿನ ಹಾಗೆ ಕೂತರು. ರೊಟ್ಟಿ, ಬೇಳೆ, ಪಾಯಸ. ತಟ್ಟೆಯಲ್ಲಿ ಬಿಡುವುದು ಅಲ್ಲಿ ಸರಿಯಲ್ಲವೆಂದು ಪಕ್ಕದವರನ್ನು ನೋಡಿ ತಿಳಿದು, ನೀರು ಕುಡಿದು ಕುಡಿದು ನುಂಗಿದರು. ಬಡಿಸುತ್ತಾ ಬಂದವನು ನಮ್ಮ ಮುಂದೆ ನಿಂತುಬಿಟ್ಟ. ತಲೆಯೆತ್ತಿ ನೋಡಿದರೆ ತರ್ಸೇಮ್. ರೊಟ್ಟಿಯ ಬುಟ್ಟಿ ಹಿಡಿದುಕೊಂಡು ನಿಂತಿದ್ದ. ನಿನ್ನ ಅಪ್ಪನಿಗೆ ಒಂದು ರೊಟ್ಟಿ ಹಾಕಿ ಮುಂದಕ್ಕೆ ಹೋದ.

ಊಟ ಮುಗಿದ ಮೇಲೆ ಆತನೇ ಬಂದು ಹತ್ತಿರ ಕೂತ. ಯಾಕೆ ಕಾರನ್ನು ಬೇರೆ ಬೀದಿಯಲ್ಲಿ ನಿಲ್ಲಿಸುತ್ತಿದ್ದೆ ಅಂತ ನಾವು ಕೇಳದೆಯೇ ಹೇಳಿದ. ಆತನ ಹತ್ತಿರ ಮುಂಚೆಯೂ ಇಂಥದೇ ಕಾರು ಇತ್ತಂತೆ. ಕಾಲುನೋವಿನಿಂದ ಅವನ ತಾಯಿ ಕೆಳಗಿನ ಕೋಣೆಯಲ್ಲಿ ಮಲಗುತ್ತಿದ್ದಳು. ಒಂದು ದಿನ ಕಳ್ಳರು ನುಗ್ಗಿ ಅವಳ ಮಂಚವನ್ನು ಒದ್ದು ಕೀ ಕೇಳಿದರು. ಅವಳೇ ಎತ್ತಿ ಕೊಟ್ಟಳು. ಅದಾದ ಮೇಲೆ ಬಾಗಿಲ ಸದ್ದಿಗೆಲ್ಲ ಬೆಚ್ಚುತ್ತಿದ್ದಳು. ಕಾರಿನ ಸಹವಾಸವೇ ಬೇಡ ಅಂದುಕೊಂಡವನನ್ನು ಅವಳೇ ಬೈದಳಂತೆ. "ಅವರಿಗೆ ಹೆದರಿ ಇಷ್ಟವಾದದ್ದು ಬಿಡ್ತೀಯಾ? ತಗೊ. ಮನೆ ಹತ್ರ ಮಾತ್ರ ತರ್ಬೇಡ." ಹಾಗಾಗಿ ಎರಡು ಬೀದಿ ಆಚೆ. ಹಾಗಾಗಿ ಕ್ಲಬ್ಬಿನ ಚೀಟಿ ಕಿತ್ತದ್ದು. ಚಾಸಿ ನಂಬರ್ ಮುಚ್ಚಿದ್ದೂ ಅದಕ್ಕೇ, ಅದನ್ನು ಓದಿಕೊಂಡು ಕಳ್ಳರು ಕೀ ಮಾಡಿಸುತ್ತಾರೆ ಅಂತ. ಟೇಪು ಹಾಕಿ ಮುಚ್ಚಿ ಅಂತ ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿಕೊಡುತ್ತಿದ್ದವನು ನೀನೇ ಅಲ್ಲವೇ ರಸೆಲ್? ನಿನ್ನ ಕಾರಿಗೂ ಹಾಕಿದ್ದೆ, ಈಗ ನೆನಪಾಗುತ್ತದೆ. ಕಳ್ಳರು ಕಾರನ್ನು ಹೇಗೆ ಅಡಗಿಸುತ್ತಾರೋ ಕಳ್ಳರಿಗೆ ಹೆದರಿದವರೂ ಹಾಗೆಯೇ ಅಡಗಿಸಬೇಕಾಗಿದೆ. ನಾವು ಹೋಗಿ ಕೈ ಹಾಕಿದ್ದು ಹೆದರಿದವನ ಮೇಲೆ. ಆತ ತಾಯಿಯನ್ನು ಕಾಪಾಡಲು ಕಾರನ್ನು ದೂರ ಇಟ್ಟಿದ್ದ. ನಿನ್ನ ಅಪ್ಪ ನನ್ನನ್ನು ಕಾಪಾಡಲು ಕೀಯನ್ನು ಬಾಗಿಲಿಗೆ ತಂದಿದ್ದರು. ಅವರಿಬ್ಬರೂ ನೆಲದ ಮೇಲೆ ಎದುರುಬದುರು ಕೂತು ಇದನ್ನು ಮಾತಾಡುವುದನ್ನು ನಾನು ಕೇಳಿಸಿಕೊಂಡೆ.

ನಿನ್ನ ಅಪ್ಪ ಕ್ಷಮೆ ಕೇಳಿದರು. ಆತ ಆಯಿತು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ನಿಮ್ಮ ಮುಖ ನೋಡಿದೀನಿ. ನೀವು ಬಿಡಬೇಕು ಅಂತಿದ್ರಿ" ಅಂದ. ಆಮೇಲೆ ಒಂದೇ ಪ್ರಶ್ನೆ ಕೇಳಿದ. "ಜೇಬಲ್ಲಿ ಮಾತಾಡ್ತಿದ್ದೋನು ಯಾರು? ನಗ್ತಾ ಇದ್ನಲ್ಲ, ಅವನು." ನಿನ್ನ ಅಪ್ಪ ನೆಲ ನೋಡಿದರು. "ಕ್ಲಬ್ಬಿನೋನು ಯಾರೋ. ನನಗೆ ಅಷ್ಟು ಪರಿಚಯ ಇಲ್ಲ" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ನೋಡಿರಲಿಲ್ಲ. ತೂಕದ ಯಂತ್ರದ ಮೇಲೆ ನಿಂತರೂ ಹೊಟ್ಟೆ ಒಳಗೆಳೆದುಕೊಳ್ಳದ ಮನುಷ್ಯ. ತಾಯಿಯನ್ನು ಕಳೆದುಕೊಂಡವನ ಅನ್ನ ಉಂಡು, ಅವನ ದೇವರ ಮನೆಯಲ್ಲಿ ಕೂತು, ಸುಳ್ಳು ಹೇಳಿದರು. ಮನೆಗೆ ಬಂದ ಮೇಲೆ ಆ ಕೇಸರಿ ಬಟ್ಟೆಯನ್ನು ತಾವೇ ಒಗೆದು ಮಡಿಸಿಟ್ಟಿದ್ದಾರೆ, ಹಿಂದಿರುಗಿಸಬೇಕಂತೆ. ಆದರೆ ಮತ್ತೆ ಅಲ್ಲಿಗೆ ಹೋಗುವ ಮುಖ ತಮಗಿಲ್ಲ ಅನ್ನುತ್ತಾರೆ. ಹಿಡಿದದ್ದಕ್ಕೆ ಕ್ಷಮೆ ಕೇಳಬಹುದಿತ್ತು, ಈ ಸುಳ್ಳಿಗೆ ಯಾರನ್ನು ಕೇಳಲಿ ಅಂತ ಒಮ್ಮೆ ಅಂದರು. ಅದೇ ಅವರ ಕೊನೆಯ ದೊಡ್ಡ ಮಾತು. ಆಮೇಲೆ ಉಪ್ಪು ಕೊಡು, ದೀಪ ಆರಿಸು, ಇಷ್ಟೇ.

ನಿನ್ನ ಕಾರಿನ ಸುದ್ದಿಯನ್ನು ಕೊನೆಗಿಟ್ಟೆ, ಬೇಕೆಂದೇ. ಮೊನ್ನೆ ಪೊಲೀಸರು ಫೋನು ಮಾಡಿದ್ದರು. ಒಂದು ಹಳೆಯ ಗೋದಾಮಿನಲ್ಲಿ ಸಿಕ್ಕಿದೆ. ಎಂಜಿನ್ ಇಲ್ಲ, ಸೀಟಿಲ್ಲ, ಬಾಗಿಲಿಲ್ಲ, ಚಕ್ರವಿಲ್ಲ. ಬರೀ ನೀಲಿ ತಗಡು ಅಂದರು. ವಿಮೆಯವರು ನಿನಗೇ ಬರೆಯುತ್ತಾರಂತೆ. ಅದರಿಂದ ಇನ್ನೊಂದನ್ನು ಕೊಳ್ಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು, ನಾನು ಆ ಮಾತು ಆಡುವುದಿಲ್ಲ. ನೀನು ಆ ಕಾರಿಗಾಗಿ ಎಷ್ಟು ಭಾನುವಾರ ಕೈ ಕಪ್ಪು ಮಾಡಿಕೊಂಡಿದ್ದೆ ಅನ್ನುವುದು ನನಗೆ ಗೊತ್ತು. ನಿನಗೆ ನೋವಾಗಿದೆ ಅನ್ನುವುದೂ ಗೊತ್ತು. ನೀನು ಕೆಟ್ಟವನಲ್ಲ. ಕಳೆದುಕೊಂಡವನ ಸಿಟ್ಟು ನಿನ್ನ ಬಾಯಲ್ಲಿ ಮಾತಾಡಿತು, ಎದುರಿಗಿದ್ದವನ ಮುಖ ನಿನಗೆ ಕಾಣುತ್ತಿರಲಿಲ್ಲ. ಇದನ್ನು ಓದುತ್ತಾ ನೀನು ಒಬ್ಬನೇ ಇರುತ್ತೀಯ ಅಂತ ಯೋಚಿಸಿ ಎರಡು ಸಲ ಹರಿದು ಹಾಕಿದೆ. ಆದರೆ ನಿನ್ನ ಅಪ್ಪನೂ ಇಲ್ಲಿ ಒಬ್ಬರೇ ಇದ್ದಾರೆ, ನಾನು ಪಕ್ಕದಲ್ಲಿದ್ದರೂ.

ಐರೀನ್ ಚಿಕ್ಕಮ್ಮ ನಿನ್ನನ್ನು ಕೇಳಿದ್ದಾಳೆ. ಕ್ರಿಸ್‌ಮಸ್ಸಿಗೆ ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದೇನೆ, ಬಣ್ಣ ಇಷ್ಟವಾಗದಿದ್ದರೆ ಬೂಟಿನೊಳಗೆ ಯಾರಿಗೂ ಕಾಣುವುದಿಲ್ಲ. ಚೆನ್ನಾಗಿ ತಿನ್ನು, ಕಿವಿ ಮುಚ್ಚಿಕೊ. ನೀನಿರುವ ಕಡೆ ಗಾಳಿ ಸ್ವಲ್ಪ ಮೆಲ್ಲಗೆ ಬೀಸಲಿ, ನಿನಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನನ್ನು ದಿನವೂ ನೆನೆಯುವ
ಅಮ್ಮ

ಮರೆತದ್ದು: ಅಪ್ಪ ಗೇಟಿನ ಹತ್ತಿರ ಬಂದರು, ಬೇಗ ಬರೆಯುತ್ತೇನೆ. ಅವತ್ತು ಗುರುದ್ವಾರದಲ್ಲಿ ಇವರು ಬೂಟು ಹಾಕಿಕೊಳ್ಳುತ್ತಿದ್ದಾಗ ತರ್ಸೇಮ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಜೇಬಲ್ಲಿ ಮಾತಾಡ್ತಿದ್ದೋನು ಅವರನ್ನ ಅಪ್ಪಾ ಅಂತಿದ್ದ. ನನಗೆ ಕೇಳಿಸಿದೆ ಅಮ್ಮಾ. ಅವರಿಗೆ ಹೇಳ್ಬೇಡಿ, ಮಗನಿಗೋಸ್ಕರ ಹೇಳಿದ ಸುಳ್ಳು, ಹಾಗೇ ಇರ್ಲಿ." ನಿನ್ನನ್ನು ಬೈಯಬೇಕೆಂದಿಲ್ಲವಂತೆ. ಕಣ್ಣು ಮುಚ್ಚಿದರೆ ಆ ನಗು ಕೇಳುತ್ತದೆ, ಅದರ ಜಾಗದಲ್ಲಿ ಅದೇ ದನಿಯ ಬೇರೆ ಒಂದು ಮಾತು ಸಿಕ್ಕಿದರೆ ಸಾಕು ಅಂದ. ತನ್ನ ನಂಬರ್ ಕೊಟ್ಟಿದ್ದಾನೆ, ಈ ಹಾಳೆಯ ಹಿಂದೆ ಬರೆದಿದ್ದೇನೆ. ಸಂಜೆ ಮನೆಯಲ್ಲೇ ಇರುತ್ತಾನೆ. ಸಂದೇಶ ಕಳಿಸಬೇಡ, ಮಾತಾಡು. ಯಾರ ಕಾರು, ಯಾಕೆ ಹಾಗಾಯಿತು ಅಂತ ಏನೂ ವಿವರಿಸಲು ಹೋಗಬೇಡ. ಮೊದಲು ನಿನ್ನ ಹೆಸರು ಹೇಳು, ಡೆಸ್‌ನ ಮಗ ಅಂತ ಹೇಳು.